ದೂರದ ತರಗತಿಯಲ್ಲಿ ಅಧ್ಯಾಪಕರ ಇರವು: ದಂಡು ಪ್ರದೇಶದ ಕೆಲವು ನೆನಪುಗಳು

ಆನ್‌ಲೈನ್‌ನಲ್ಲಿ ಪಾಠ ಹೇಳುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಪಾಲಿಗೆ ನಿಜವಾಗಿ ಇದ್ದಾರೆಯೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ಸಲಕರಣೆಯ ಪ್ರಶ್ನೆಯೆಂದೇ ಭಾವಿಸುವುದು ರೂಢಿಯಾಗಿದೆ. ಒಳ್ಳೆಯ ಕ್ಯಾಮೆರಾ, ಗೊರಗೊರ ಎನ್ನದ ಮೈಕು, ನಡುನಡುವೆ ಕಡಿದುಹೋಗದ ನೆಟ್‌ವರ್ಕ್ ಒದಗಿದರೆ ಉಳಿದದ್ದು ತಾನಾಗಿಯೇ ಕೂಡಿಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕೋವಿಡ್ ಕಾಲದಲ್ಲಿ ಅನಿವಾರ್ಯವೆಂದು ಹಬ್ಬಿದ ಈ ಬಗೆಯ ಬೋಧನೆ ಆ ಕಾಲದೊಂದಿಗೆ ಮುಗಿದುಹೋಗಲಿಲ್ಲ. ಒಂದು ಪದವಿ ಕಾರ್ಯಕ್ರಮದಲ್ಲಿ ಒಂದು ಸೆಮಿಸ್ಟರಿಗೆ ನೀಡುವ ಒಟ್ಟು ಕೋರ್ಸುಗಳ ಪೈಕಿ ಶೇಕಡಾ 40ರವರೆಗೆ, ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆಯಾದ ‘ಸ್ವಯಂ’ ಮೂಲಕ ಪಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2021ರ ನಿಯಮಾವಳಿ ಅವಕಾಶ ಕೊಟ್ಟಿದೆ. ಇಂದಿರಾನಗರದ ನೂರಡಿ ರಸ್ತೆಯ ಅಡ್ಡರಸ್ತೆಗಳ ಮಹಡಿ ಕೋಣೆಗಳಿಂದಲೂ ಕೆ.ಆರ್. ಪುರದ ಬಾಡಿಗೆ ಮನೆಗಳಿಂದಲೂ ಬೇರೆ ಬೇರೆ ಊರುಗಳ ವಿದ್ಯಾರ್ಥಿಗಳಿಗೆ ಪಾಠ ಹೇಳುವ ತರುಣ ಅಧ್ಯಾಪಕರ ಒಂದು ವರ್ಗವೇ ಇಂದು ಬೆಂಗಳೂರು ನಗರದ ಪೂರ್ವಭಾಗದಲ್ಲಿ ರೂಪುಗೊಂಡಿದೆ.

ಈ ತರುಣರಿಗಾಗಿ ಇಂದಿರಾನಗರದಲ್ಲಿ ಏರ್ಪಡುವ ತರಬೇತಿಗಳಲ್ಲಿ ಪ್ರಸ್ತುತ ಲೇಖಕಿಯ ಮುಂದೆ ಪದೇ ಪದೇ ಬರುವ ದೂರು ಒಂದೇ: ವಿದ್ಯಾರ್ಥಿಗಳು ಕ್ಯಾಮೆರಾ ಹಾಕುವುದಿಲ್ಲ, ಕರೆದರೆ ಓಗೊಡುವುದಿಲ್ಲ, ಗೋಡೆಗೆ ಪಾಠ ಹೇಳಿದ ಹಾಗಾಗುತ್ತದೆ. ಆ ದೂರು ಕೇಳಿದಾಗಲೆಲ್ಲ ಅವಳ ಬದುಕಿನ ಎರಡು ಘಟ್ಟಗಳು ಮತ್ತೆ ಮುಂದೆ ಬರುತ್ತವೆ. ಒಂದು, ಹಲಸೂರಿನ ಕನ್ನಡ ಶಾಲೆಯೊಂದರಲ್ಲಿ ಕಳೆದ ಬಾಲ್ಯ. ಇನ್ನೊಂದು, ದಂಡು ಪ್ರದೇಶದ ಕಾಲೇಜೊಂದರಲ್ಲಿ ಭಾನುವಾರಗಳಂದು ತೆರೆಯುತ್ತಿದ್ದ ದೂರಶಿಕ್ಷಣದ ಅಧ್ಯಯನ ಕೇಂದ್ರದಲ್ಲಿ ಕೆಲಸ ಕಲಿತ ಮೊದಲ ವರ್ಷಗಳು.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದ ಮೇಲೆ ಸೈನ್ಯದ ಜೊತೆಗೂ ಅದರ ಹಿಂದೆಯೂ ಬಂದ ತಮಿಳು, ತೆಲುಗು, ಉರ್ದು ಮಾತಿನ ಕುಟುಂಬಗಳು ಹಲಸೂರು, ಶಿವಾಜಿನಗರಗಳ ಸುತ್ತ ನೆಲೆ ನಿಂತವು. ದಂಡು ಮತ್ತು ಪೇಟೆಗಳ ಆಡಳಿತ 1949ರಲ್ಲಿ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದಿತಾದರೂ, 1970ರ ದಶಕದ ಹಲಸೂರಿನಲ್ಲಿ ಕನ್ನಡ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಹಲವರಿಗೆ ಕನ್ನಡ ಮನೆಮಾತಾಗಿರಲಿಲ್ಲ. ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಓಣಿಗಳ ಅನೇಕ ಮನೆಗಳಿಂದ ಗಂಡಸರು ಬೆಳಗಾಗುವ ಮೊದಲೇ ದೂರವಾಣಿನಗರದ ಐಟಿಐ ಕಾರ್ಖಾನೆಗೆ ಹೊರಡುತ್ತಿದ್ದರು. 1948ರಲ್ಲಿ ಆರಂಭವಾಗಿ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯೆನಿಸಿದ ಆ ಕಾರ್ಖಾನೆಯಲ್ಲಿ ದೇಶಕ್ಕೆಲ್ಲ ಟೆಲಿಫೋನುಗಳು ತಯಾರಾಗುತ್ತಿದ್ದರೂ, ಅವನ್ನು ಜೋಡಿಸುವವರು ವಾಸವಾಗಿದ್ದ ಆ ವಠಾರಗಳಲ್ಲಿ ಫೋನು ಇರಲಿಲ್ಲ. ಆದ್ದರಿಂದ ಶಾಲೆಗೆ ಬಾರದ ಮಗುವಿನ ವಿಷಯ ತಿಳಿಯಬೇಕಾದರೆ ಮೇಷ್ಟ್ರು ನಡೆದೇ ಹೋಗಬೇಕಾಗಿತ್ತು.

ನಾಲ್ಕನೆಯ ತರಗತಿಯ ಮೇಷ್ಟ್ರು, ಕೋಲಾರದ ಕಡೆಯವರು, ಹಾಗೆ ನಡೆದು ಹೋಗುತ್ತಿದ್ದರು. ಅವರ ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನ ಮುಂದೆ ನೀಲಿ ಗೀಟು, ಬಾರದವರ ಹೆಸರಿನ ಮುಂದೆ ಕೆಂಪು ಶಾಯಿಯ ಸೊನ್ನೆ ಇರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಸಣ್ಣ ಟಿಪ್ಪಣಿಗಳಿರುತ್ತಿದ್ದವು: ‘ಜ್ವರ’, ‘ಅಜ್ಜಿ ಊರು’, ‘ತಮ್ಮನ್ನ ನೋಡ್ಕೋಬೇಕು’, ‘ಪುಸ್ತಕ ಇಲ್ಲ’. ಒಂದೇ ಹೆಸರಿನ ಮುಂದೆ ಮೂರನೆಯ ಸೊನ್ನೆ ಬಿದ್ದ ಸಂಜೆ ಅವರು ಛತ್ರಿ ಹಿಡಿದು ಆ ಮಗುವಿನ ಓಣಿಗೆ ಹೋಗುತ್ತಿದ್ದರು. ಮನೆಯೊಳಗೆ ಹೋಗದೆ ಹೊಸ್ತಿಲ ಹೊರಗೇ ನಿಂತು, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ, ‘ಏನಮ್ಮಾ, ಹುಡುಗ ಮೂರು ದಿವಸದಿಂದ ಕಾಣ್ತಾ ಇಲ್ಲ’ ಎಂದು ಕೇಳಿ, ಮಗುವಿನ ಸ್ಲೇಟು ತರಿಸಿ ಅದರ ಮೇಲೆ ಒಂದು ಲೆಕ್ಕ ಬರೆದುಕೊಟ್ಟು ಹಿಂತಿರುಗುತ್ತಿದ್ದರು. ಆ ಲೆಕ್ಕವನ್ನು ಮಾಡಿ ತರಬೇಕೆಂಬ ಒತ್ತಾಯವೇನೂ ಇರಲಿಲ್ಲವಾದರೂ, ಸಾಮಾನ್ಯವಾಗಿ ಮರುದಿನ ಆ ಮಗು ಶಾಲೆಗೆ ಬರುತ್ತಿತ್ತು. ತಾನು ಇಲ್ಲದಿದ್ದುದನ್ನು ಒಬ್ಬರು ಗಮನಿಸಿದ್ದಾರೆಂಬ ಸುದ್ದಿ ಓಣಿಗೆಲ್ಲ ತಿಳಿದಿರುತ್ತಿತ್ತು.

ಈ ಮೇಷ್ಟ್ರನ್ನು ನೆನೆಯುವಾಗ ಪ್ರೀತಿ ಸಹಜವಾಗಿಯೇ ಮೊದಲು ಬರುತ್ತದೆ. ಆದರೆ ಆ ಪ್ರೀತಿ ಮರೆಮಾಡುವ ಸಂಗತಿಗಳನ್ನೂ ಹೇಳದಿದ್ದರೆ ನೆನಪು ಪ್ರಾಮಾಣಿಕವಾಗುವುದಿಲ್ಲ. ಅವರ ಮೇಜಿನ ಮೇಲೆ ಹುಣಸೆ ಬರಲು ಇರುತ್ತಿತ್ತು, ಅದು ಬಳಕೆಯಲ್ಲೂ ಇತ್ತು. ಅವರು ಹುಡುಕಿಕೊಂಡು ಹೋಗುತ್ತಿದ್ದುದು ಹೆಚ್ಚಾಗಿ ಹುಡುಗರ ಮನೆಗಳಿಗೆ. ಹುಡುಗಿ ಶಾಲೆ ಬಿಟ್ಟರೆ, ಮನೆಯಲ್ಲಿ ಕೆಲಸವಿರಬೇಕು ಎಂಬ ಊಹೆಗೆ ಸಮಾಧಾನಗೊಂಡು ಸುಮ್ಮನಾಗುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಕೆಲವು ಮಕ್ಕಳು, ಕನ್ನಡ ಸರಿಯಾಗಿ ಬಾರದ ಕಾರಣಕ್ಕೆ, ಇಡೀ ವರ್ಷ ‘ಹಾಜರ್ ಸಾರ್’ ಎಂಬುದನ್ನು ಬಿಟ್ಟರೆ ತರಗತಿಯಲ್ಲಿ ಬೇರೊಂದು ಮಾತನ್ನೇ ಆಡಲಿಲ್ಲ. ಅವರಿಗೂ ಮೇಷ್ಟ್ರಿಗೂ ನಡುವೆ ಇದ್ದದ್ದು ಹತ್ತು ಅಡಿ. ಆದರೂ ಇಂದು ಕ್ಯಾಮೆರಾ ಆರಿಸಿ ಕೂರುವ ವಿದ್ಯಾರ್ಥಿಗಿಂತ ಅವರು ಹತ್ತಿರವಿದ್ದರೆಂದು ಹೇಳಲು ಯಾವ ಆಧಾರವೂ ಇಲ್ಲ. ಮುಖಾಮುಖಿ ತರಗತಿಯನ್ನು ಚಿನ್ನದ ಅಳತೆಗೋಲೆಂದು ಹಿಡಿದು ಆನ್‌ಲೈನ್ ತರಗತಿಯನ್ನು ಅಳೆಯುವವರು ಈ ಕೊನೆಯ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದೂರ ಎಂಬುದನ್ನು ಮೈಲಿಗಳಲ್ಲಿ ಅಳೆಯಲಾಗದು ಎಂಬ ಈ ಅಂಶವನ್ನು ಶಿಕ್ಷಣಶಾಸ್ತ್ರದಲ್ಲಿ ಸಿದ್ಧಾಂತವಾಗಿ ಬೆಳೆಸಿದವರು ಅಮೆರಿಕದ ಮೈಕಲ್ ಜಿ. ಮೂರ್. ಕಲಿಸುವವರಿಗೂ ಕಲಿಯುವವರಿಗೂ ನಡುವೆ ತಿಳಿವಳಿಕೆಯಲ್ಲಿ ಉಂಟಾಗುವ ಅಂತರವನ್ನು ಅವರು ‘ವ್ಯವಹಾರದ ದೂರ’ ಎಂಬ ಅರ್ಥ ಬರುವ ಹೆಸರಿನಿಂದ ಕರೆದರು. ಪಾಠದ ಚೌಕಟ್ಟು ಎಷ್ಟು ಬಿಗಿಯಾಗಿದೆ, ಎರಡೂ ಕಡೆಯಿಂದ ಮಾತುಕತೆ ಎಷ್ಟು ನಡೆಯುತ್ತದೆ, ಕಲಿಯುವವರು ಎಷ್ಟರಮಟ್ಟಿಗೆ ತಮ್ಮ ಕಾಲ ಮೇಲೆ ನಿಲ್ಲಬಲ್ಲರು ಎಂಬ ಮೂರು ಸಂಗತಿಗಳು ಈ ದೂರವನ್ನು ಹೆಚ್ಚಿಸುತ್ತವೆ ಇಲ್ಲವೇ ತಗ್ಗಿಸುತ್ತವೆ ಎಂಬುದು ಅವರ ವಿವರಣೆ. ಈ ದೃಷ್ಟಿಯಿಂದ ನೋಡಿದರೆ ಹಲಸೂರಿನ ಮೇಷ್ಟ್ರು ದೂರವನ್ನು ತಗ್ಗಿಸಿದ್ದು ತರಗತಿಯ ಒಳಗಲ್ಲ. ಹೊಸ್ತಿಲ ಬಳಿ ನಿಂತು ಆಡಿದ ಎರಡು ಮಾತಿನಿಂದ ಮತ್ತು ಸ್ಲೇಟಿನ ಮೇಲಿನ ಒಂದು ಲೆಕ್ಕದಿಂದ.

ಕರ್ನಾಟಕದಲ್ಲಿ ದೂರಶಿಕ್ಷಣಕ್ಕೆ ಗಟ್ಟಿಯಾದ ಪರಂಪರೆಯೇ ಇದೆ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ 1969ರಲ್ಲಿ ಆರಂಭವಾಯಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಈ ನಡುವೆ 1985ರಲ್ಲಿ ರಾಷ್ಟ್ರಮಟ್ಟದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಈ ಪರಂಪರೆಯಲ್ಲಿ ಮುದ್ರಿತ ಪಾಠಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ವಿದ್ಯಾರ್ಥಿ ಬರೆದು ಕಳಿಸಿದ ಅಸೈನ್‌ಮೆಂಟ್, ಅಂದರೆ ಮನೆಯಲ್ಲಿಯೇ ಬರೆಯಬೇಕಾದ ಉತ್ತರಗಳನ್ನು, ತಿದ್ದಿ ಹಿಂತಿರುಗಿಸಲಾಗುತ್ತಿತ್ತು. ವಾರಾಂತ್ಯಗಳಲ್ಲಿ ಅಧ್ಯಯನ ಕೇಂದ್ರಗಳಲ್ಲಿ ಸಂಪರ್ಕ ತರಗತಿಗಳು ನಡೆಯುತ್ತಿದ್ದವು. ಒಳ್ಳೆಯ ದೂರಶಿಕ್ಷಣದ ಪಾಠ ವಿದ್ಯಾರ್ಥಿಯ ಎದುರು ಕುಳಿತು ಮಾತನಾಡುವ ಧಾಟಿಯಲ್ಲಿರಬೇಕೆಂದು ಸ್ವೀಡನ್ನಿನ ಬೋರ್ಯೆ ಹೋಲ್ಮ್‌ಬೆರ್ಗ್ ವಾದಿಸಿದ್ದರು. ನಮ್ಮ ಮುಕ್ತ ವಿಶ್ವವಿದ್ಯಾಲಯಗಳ ಪಾಠಗಳಲ್ಲಿ ‘ನೀವು’ ಎಂಬ ಸಂಬೋಧನೆಯೂ, ನಡುನಡುವೆ ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’ ಎಂಬ ಚೌಕಗಳೂ ಕಾಣಿಸಿಕೊಂಡದ್ದು ಇದೇ ಚಿಂತನೆಯ ಜಾಡಿನಲ್ಲಿ.

1990ರ ದಶಕದ ಆರಂಭದಲ್ಲಿ ಅಂಥ ಒಂದು ಅಧ್ಯಯನ ಕೇಂದ್ರದಲ್ಲಿ ಉತ್ತರಗಳನ್ನು ತಿದ್ದುವ ಕೆಲಸ ಪ್ರಸ್ತುತ ಲೇಖಕಿಯ ಪಾಲಿಗೆ ಬಂದಿತು. ಅಲ್ಲಿದ್ದ ಹಿರಿಯ ಅಧ್ಯಾಪಕಿಯೊಬ್ಬರು ಮೊದಲ ದಿನವೇ ವಿಧಿಸಿದ ನಿಯಮ ಕಟ್ಟುನಿಟ್ಟಾಗಿತ್ತು: ಅಂಕವನ್ನು ಕೊನೆಯಲ್ಲಿ ಬರೆಯಬೇಕು, ಅದಕ್ಕೆ ಮೊದಲು ಪ್ರತಿ ಉತ್ತರದ ಅಂಚಿನಲ್ಲಿ ಕನಿಷ್ಠ ಒಂದು ವಾಕ್ಯ ಬರೆಯಬೇಕು, ಆ ವಾಕ್ಯ ಬೇರೊಬ್ಬರ ಉತ್ತರಕ್ಕೂ ಹೊಂದುವಂತಿದ್ದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಬೇಕು. ‘ಚೆನ್ನಾಗಿದೆ’, ‘ಇನ್ನೂ ವಿವರ ಬೇಕು’ ಎಂಬಂಥ ಷರಾಗಳನ್ನು ಅವರು ಒಪ್ಪುತ್ತಿರಲಿಲ್ಲ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ನೇರವಾಗಿ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬರು ಪಾಠದ ಹೊತ್ತಿನಲ್ಲಿ ಬಹಳ ಸಲ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದರು; ಆದರೆ ತಿದ್ದಿ ಬಂದ ಕಾಗದದ ಅಂಚಿನಲ್ಲಿ ಕೇಳಿದ್ದ ಪ್ರಶ್ನೆಗಳಿಗೆ, ಯಾರೂ ಕೇಳದಿದ್ದರೂ, ಮುಂದಿನ ಕಾಗದದ ಮೊದಲ ಪುಟದಲ್ಲಿ ಕ್ರಮವಾಗಿ ಉತ್ತರ ಬರೆದು ತರುತ್ತಿದ್ದರು. ಅವರ ತರಗತಿ ನಡೆದದ್ದು ಆ ಅಂಚಿನಲ್ಲಿಯೇ.

ಹಾಗೆಂದು ಆ ವ್ಯವಸ್ಥೆಯನ್ನು ಹೊಗಳಿಬಿಡುವಂತಿಲ್ಲ. ತಿದ್ದಿದ ಕಾಗದಗಳು ಎಷ್ಟೋ ಸಲ ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಯ ಕೈ ಸೇರುತ್ತಿದ್ದವು. ಆಗ ಅವುಗಳ ಮೇಲಿನ ಮಾತು, ಎಷ್ಟೇ ಅಕ್ಕರೆಯಿಂದ ಬರೆದದ್ದಾದರೂ, ನಿಷ್ಪ್ರಯೋಜಕವಾಗುತ್ತಿತ್ತು. ನಡುವೆಯೇ ಓದು ಬಿಟ್ಟವರನ್ನು ಹುಡುಕುವ ಹೊಣೆ ಯಾರದೂ ಆಗಿರಲಿಲ್ಲ. ಹಲಸೂರಿನ ಮೇಷ್ಟ್ರ ಬಳಿ ಇದ್ದ ಗೈರುಹಾಜರಿಯ ಎಚ್ಚರ ಇಲ್ಲಿ ಇರಲಿಲ್ಲ. ಇಲ್ಲಿದ್ದ ಓದಿ ಉತ್ತರಿಸುವ ಶಿಸ್ತು ಅಲ್ಲಿರಲಿಲ್ಲ.

ಈ ಎರಡನ್ನೂ ಒಂದೆಡೆ ತರುವ ಸಾಧ್ಯತೆ ಅಂತರ್ಜಾಲದೊಂದಿಗೆ ಮೊದಲ ಬಾರಿಗೆ ಒದಗಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ರ‍್ಯಾಂಡಿ ಗ್ಯಾರಿಸನ್, ಟೆರಿ ಆ್ಯಂಡರ್ಸನ್, ವಾಲ್ಟರ್ ಆರ್ಚರ್ ಎಂಬ ಮೂವರು 2000ದ ಸುಮಾರಿಗೆ ಮುಂದಿಟ್ಟ ಸಿದ್ಧಾಂತವು ಇಂದು ಆನ್‌ಲೈನ್ ಬೋಧನೆಯ ಚರ್ಚೆಗಳಲ್ಲೆಲ್ಲ ಉಲ್ಲೇಖಗೊಳ್ಳುತ್ತದೆ. ಅವರ ಪ್ರಕಾರ ಕಲಿಕೆಯ ಸಮುದಾಯವೊಂದು ನಿಲ್ಲುವುದು ಮೂರು ಬಗೆಯ ಉಪಸ್ಥಿತಿಗಳ ಮೇಲೆ: ತಾನು ನಿಜವಾದ ವ್ಯಕ್ತಿಯೆಂದು ಇತರರಿಗೆ ತೋರಿಸಿಕೊಳ್ಳುವ ಸಾಮಾಜಿಕ ಉಪಸ್ಥಿತಿ, ಕೂಡಿ ಯೋಚಿಸಿ ಅರ್ಥ ಕಟ್ಟಿಕೊಳ್ಳುವ ಅರಿವಿನ ಉಪಸ್ಥಿತಿ, ಪಾಠವನ್ನು ರೂಪಿಸಿ, ಚರ್ಚೆಯನ್ನು ನಡೆಸಿ, ತಪ್ಪುದಾರಿಯಿಂದ ಹಿಂದಕ್ಕೆ ಕರೆತರುವ ಬೋಧನಾ ಉಪಸ್ಥಿತಿ. ಈ ಸಿದ್ಧಾಂತದ ಬಗ್ಗೆ ತರಬೇತಿಗಳಲ್ಲಿ ಸಾಮಾನ್ಯವಾಗಿ ಹೇಳದೇ ಬಿಡುವ ಸಂಗತಿಯೊಂದಿದೆ. ಅದು ಹುಟ್ಟಿದ್ದು ಬರಹದ ಮೂಲಕವಷ್ಟೇ ನಡೆಯುತ್ತಿದ್ದ ಕಂಪ್ಯೂಟರ್ ಚರ್ಚೆಗಳನ್ನು ಕುರಿತು. ಅಲ್ಲಿ ಮುಖವಿರಲಿಲ್ಲ, ದನಿಯಿರಲಿಲ್ಲ, ಎಲ್ಲರೂ ಒಂದೇ ಹೊತ್ತಿಗೆ ಕೂಡುತ್ತಲೂ ಇರಲಿಲ್ಲ. ಉಪಸ್ಥಿತಿಯೆಂದರೆ ಕ್ಯಾಮೆರಾದ ಮುಂದೆ ಮುಖವಿಡುವುದು ಎಂಬ ಇಂದಿನ ತಿಳಿವಳಿಕೆಗೆ, ಅದೇ ಸಿದ್ಧಾಂತವನ್ನು ಆಧಾರವಾಗಿ ತೋರಿಸುವುದು ಆದ್ದರಿಂದ ಸರಿಯಲ್ಲ. ಎನ್‌ಜಿಇಎಫ್‌ನ ಆ ವಿದ್ಯಾರ್ಥಿಗೆ ಈ ಸಿದ್ಧಾಂತವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಒಮ್ಮುಖವಾದ ಪ್ರಸಾರ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನೂ ಈ ನಾಡು ಬಹಳ ಹಿಂದೆಯೇ ಕಂಡಿದೆ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಮುಟ್ಟಿದಾಗ ಅವುಗಳಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಅವು ಅಗತ್ಯವಾಗಿದ್ದವು, ಶ್ರದ್ಧೆಯಿಂದ ತಯಾರಾಗಿದ್ದವು; ಆದರೆ ಟಿವಿಯಲ್ಲಿ ಪಾಠ ಹೇಳುವವರು ಕೇಳುವ ಮಗುವಿನ ಹೆಸರು ತಿಳಿಯಲಾರರು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಿರಿಯ ತರಗತಿಗಳ ಆನ್‌ಲೈನ್ ಪಾಠವನ್ನು ನಿಲ್ಲಿಸಿತು, ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ವಾದವೆಲ್ಲ ಪರದೆ ಬೇಕೋ ಬೇಡವೋ ಎಂಬುದರ ಸುತ್ತ ನಡೆಯಿತು. ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ವೇ ಇವೆಲ್ಲವುಗಳಿಗಿಂತ ದೂರದೃಷ್ಟಿಯ ಯೋಜನೆಯಾಗಿತ್ತು ಎಂದು ಈ ಲೇಖಕಿ ನಂಬುತ್ತಾಳೆ. ಯಾವ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾವ ಮನೆಯಲ್ಲಿ ಸಾದಾ ಫೋನ್ ಇದೆ, ಯಾವ ಮನೆಯಲ್ಲಿ ಏನೂ ಇಲ್ಲ ಎಂದು ತಿಳಿದು ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರೇ ಅವರ ವಠಾರಗಳಿಗೆ ಹೋಗಿ ಕಟ್ಟೆ, ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳುವ ಈ ಕ್ರಮಕ್ಕೆ ‘ವಠಾರ ಶಾಲೆ’ ಎಂಬ ಹೆಸರೂ ಬಿದ್ದಿತ್ತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತದ್ದು ಆ ಹೊತ್ತಿನ ಅನಿವಾರ್ಯವಾಗಿರಬಹುದು. ನಷ್ಟ ಮಾತ್ರ ದೊಡ್ಡದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳ ನಡುವೆ ನಡೆಸಿದ ಅಧ್ಯಯನದಲ್ಲಿ, ಶೇಕಡಾ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗೆ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಆ ತಿಂಗಳುಗಳಲ್ಲಿ ಶಿವಾಜಿನಗರದ ಶಾಲೆಯೊಂದರ ಶಿಕ್ಷಕಿ, ಲೇಖಕಿಯ ಹಳೆಯ ವಿದ್ಯಾರ್ಥಿನಿ, ಅನುಸರಿಸಿದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅವಳ ಮಕ್ಕಳಲ್ಲಿ ಅನೇಕರ ತಂದೆಯರು ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ಹಣ್ಣು ಮಾರುವವರು, ಆಟೊ ಓಡಿಸುವವರು. ಮನೆಗೆ ಒಂದೇ ಫೋನು. ಲಾಕ್‌ಡೌನ್ ಸಡಿಲವಾದ ಮೇಲೆ ಅದು ಬೆಳಿಗ್ಗೆಯೇ ತಂದೆಯ ಜೇಬು ಸೇರಿ ಹೊರಟುಬಿಡುತ್ತಿತ್ತು. ಹತ್ತು ಗಂಟೆಯ ಆನ್‌ಲೈನ್ ತರಗತಿಗೆ ಬಾರದ ಮಕ್ಕಳು ಸೋಮಾರಿಗಳಲ್ಲವೆಂದು ತಿಳಿದ ಮೇಲೆ ಅವಳು ರಾತ್ರಿ ಒಂಬತ್ತರ ಬಳಿಕ, ಫೋನು ಮನೆಗೆ ಮರಳಿದ ಹೊತ್ತಿಗೆ, ದಿನಕ್ಕೆ ಐದಾರು ಮನೆಗಳಿಗೆ ಕರೆ ಮಾಡತೊಡಗಿದಳು. ಕರೆ ಐದು ನಿಮಿಷ ಮೀರುತ್ತಿರಲಿಲ್ಲ. ಮಗು ಪುಸ್ತಕದ ಒಂದು ಪ್ಯಾರಾ ಓದಬೇಕು, ಶಿಕ್ಷಕಿ ಒಂದು ಪ್ರಶ್ನೆ ಕೇಳಬೇಕು, ಮಗುವೂ ಒಂದು ಪ್ರಶ್ನೆ ಕೇಳಲೇಬೇಕು. ಕರೆಯ ಬಳಿಕ ಅವಳು ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೆದಿಡುತ್ತಿದ್ದಳು: ‘ಒತ್ತಕ್ಷರ ತಡವರಿಸುತ್ತಾಳೆ’, ‘ಅಪ್ಪನಿಗೆ ಕೆಲಸ ಇಲ್ಲ’, ‘ಇವತ್ತು ನಕ್ಕ’. ಹಲಸೂರಿನ ಮೇಷ್ಟ್ರನ್ನು ಅವಳು ನೋಡಿದವಳಲ್ಲ. ಅವರ ಬಗ್ಗೆ ಕೇಳಿದವಳೂ ಅಲ್ಲ. ಆದರೆ ಅವರು ಬಿಟ್ಟದ್ದನ್ನು ಅವಳು ಬಿಡಲಿಲ್ಲ: ಮನೆಗೆಲಸದ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಹುಡುಗಿಯರಿಗೇ ಮೊದಲ ಕರೆ ಹೋಗುತ್ತಿತ್ತು.

ನೇರ ಪ್ರಸಾರದ ತರಗತಿಯ ಒಳಗೂ ಅಧ್ಯಾಪಕರ ಇರವು ತಿಳಿಯುವುದು ಇಂಥ ಸಣ್ಣ ಕ್ರಮಗಳಿಂದಲೇ. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವೂ ಸಾರವತ್ತೂ ಆಗುತ್ತವೆಂದೂ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿಯೇ ತೋರಿಸಿದ್ದರು. ಅದು ನಾಲ್ಕು ಗೋಡೆಗಳ ತರಗತಿಯ ಲೆಕ್ಕ. ಆನ್‌ಲೈನ್‌ನಲ್ಲಿ ವಿದ್ಯಾರ್ಥಿ ಪ್ರಶ್ನೆಯನ್ನು ಅರ್ಥಮಾಡಿಕೊಂಡು, ಪಕ್ಕದ ಕೋಣೆಯ ಟಿವಿ ಕೇಳುತ್ತಿದೆಯೇ ಎಂದು ನೋಡಿಕೊಂಡು, ಮೈಕು ತೆರೆದು ಬಾಯಿ ಬಿಡುವಷ್ಟರಲ್ಲಿ ಹತ್ತು ಸೆಕೆಂಡು ಸುಲಭವಾಗಿ ಕಳೆಯುತ್ತದೆ. ಅಷ್ಟರಲ್ಲಿ ಅಧ್ಯಾಪಕರು ತಾವೇ ಉತ್ತರ ಹೇಳಿ ಮುಂದಿನ ಪುಟಕ್ಕೆ ಹೋಗಿರುತ್ತಾರೆ. ಎರಡು ಮೂರು ಸಲ ಹೀಗಾದರೆ ವಿದ್ಯಾರ್ಥಿ ಮತ್ತೆ ಮೈಕಿನ ಗೊಡವೆಗೆ ಹೋಗುವುದಿಲ್ಲ. ಕ್ಯಾಮೆರಾದ ವಿಷಯವೂ ಇಷ್ಟೇ ಮಟ್ಟಿಗೆ ತಪ್ಪಾಗಿ ತಿಳಿಯಲ್ಪಟ್ಟಿದೆ. ಸದಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಎಡೆಬಿಡದೆ ಕಾಣುವ ತನ್ನದೇ ಮುಖ, ಅಲುಗಾಡದೆ ಕೂರಬೇಕಾದ ಕಟ್ಟು, ಸನ್ನೆಗಳನ್ನು ಕೊಡಲೂ ಗ್ರಹಿಸಲೂ ಪಡಬೇಕಾದ ಹೆಚ್ಚಿನ ಶ್ರಮ ಎಂಬ ನಾಲ್ಕು ಕಾರಣಗಳಿಂದ ವಿಡಿಯೊ ಮಾತುಕತೆ ದಣಿಸುತ್ತದೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಾದಿಸಿದರು. ಇದರ ಮೇಲೆ, ಒಂದೇ ಕೋಣೆಯ ಮನೆಯಲ್ಲಿ ಕೂತವರಿಗೆ ಕ್ಯಾಮೆರಾ ತೆರೆಯುವುದೆಂದರೆ ಹಿಂದೆ ಅಡುಗೆ ಮಾಡುವ ಅಮ್ಮನನ್ನೂ ಮಲಗಿರುವ ಅಜ್ಜನನ್ನೂ ಇಡೀ ತರಗತಿಗೆ ತೋರಿಸುವುದು. ಕ್ಯಾಮೆರಾ ಕಡ್ಡಾಯ ಮಾಡುವುದರಿಂದ ಉಪಸ್ಥಿತಿ ಹುಟ್ಟುವುದಿಲ್ಲ, ಸಂಕೋಚ ಹುಟ್ಟುತ್ತದೆ.

ತರಬೇತಿಗೆ ಬರುವವರಿಗೆ ಆದ್ದರಿಂದ ಹೇಳಿಕೊಡುವುದು ಬೇರೆಯದನ್ನೇ: ಯಾರು ಎರಡು ತರಗತಿ ತಪ್ಪಿಸಿದರೆಂದು ಅದೇ ವಾರ ತಿಳಿದುಕೊಂಡು ಹೆಸರು ಹಿಡಿದು ಒಂದು ಸಂದೇಶ ಕಳಿಸುವುದು; ವಿದ್ಯಾರ್ಥಿ ಬರೆದದ್ದಕ್ಕೆ ಅದು ಅವರ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಉತ್ತರಿಸುವುದು; ಹಿಂದಿನ ವಾರ ಒಬ್ಬರು ಕೇಳಿದ ಪ್ರಶ್ನೆಯನ್ನು ಅವರ ಹೆಸರಿನೊಂದಿಗೇ ಈ ವಾರದ ಪಾಠದಲ್ಲಿ ಎತ್ತಿಕೊಳ್ಳುವುದು. ತರುಣರು ಇದನ್ನು ಒಪ್ಪುತ್ತಾರೆ, ಒಪ್ಪಿದ ಮೇಲೆ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಮುಂದೆ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ. ಒಬ್ಬ ವಿದ್ಯಾರ್ಥಿಯ ಬರವಣಿಗೆ ಓದಿ ಉತ್ತರಿಸಲು ವಾರಕ್ಕೆ ಹತ್ತು ನಿಮಿಷವೆಂದರೆ 30 ವಿದ್ಯಾರ್ಥಿಗಳಿಗೆ ಐದು ಗಂಟೆ ಸಾಕು. 180 ವಿದ್ಯಾರ್ಥಿಗಳಿಗೆ ಅದು 30 ಗಂಟೆಯಾಗುತ್ತದೆ. ಆನ್‌ಲೈನ್ ತರಗತಿಗೆ ಗೋಡೆಯಿಲ್ಲವೆಂಬ ಕಾರಣಕ್ಕೆ ಒಬ್ಬ ಅಧ್ಯಾಪಕರ ಕೆಳಗೆ ಎಷ್ಟು ಮಂದಿಯನ್ನಾದರೂ ಸೇರಿಸಬಹುದೆಂದು ಭಾವಿಸುವ ಆಡಳಿತಗಳು, ವೇಳಾಪಟ್ಟಿಯಲ್ಲಿ ಪಾಠದ ಗಂಟೆಗಳನ್ನು ಮಾತ್ರ ಎಣಿಸುತ್ತವೆ. ಉತ್ತರಿಸುವ ಗಂಟೆಗಳು ರಾತ್ರಿಗೆ ಸರಿಯುತ್ತವೆ. ಅಧ್ಯಾಪಕಿಯರ ವಿಷಯದಲ್ಲಿ ಅಡುಗೆ, ಮಕ್ಕಳ ಊಟ ಮುಗಿದ ನಂತರದ ರಾತ್ರಿಗೆ. ಶಿವಾಜಿನಗರದ ಆ ಶಿಕ್ಷಕಿ ಫೋನಿನ ಕರೆನ್ಸಿಯನ್ನು ಸ್ವಂತ ದುಡ್ಡಿನಿಂದ ಹಾಕಿಸಿಕೊಳ್ಳುತ್ತಿದ್ದಳು, ಅವಳ ಕರೆಗಳು ಯಾವ ವರದಿಯಲ್ಲೂ ದಾಖಲಾಗಲಿಲ್ಲ. ಅದನ್ನು ತ್ಯಾಗವೆಂದು ಕೊಂಡಾಡುವುದು ಸುಲಭ. ಕೆಲಸವೆಂದು ಒಪ್ಪಿ ಅದಕ್ಕೆ ವೇಳೆ, ಸಂಬಳ ಗೊತ್ತುಮಾಡುವುದು ಇನ್ನೂ ಆಗಬೇಕಾಗಿದೆ. ಕಳೆದ ತರಬೇತಿಯ ಕೊನೆಯಲ್ಲಿ ಕೆ.ಆರ್. ಪುರದಿಂದ ಬಂದಿದ್ದ ಕೆಲವು ಅಧ್ಯಾಪಕಿಯರು, ಒಂದು ಗುಂಪಿನಲ್ಲಿ 40ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬೇಡವೆಂದೂ ವಾರಕ್ಕೆ ಆರು ಗಂಟೆಯನ್ನು ಉತ್ತರ ಬರೆಯಲೆಂದೇ ಮೀಸಲಿಡಬೇಕೆಂದೂ ತಮ್ಮ ತಮ್ಮ ಸಂಸ್ಥೆಗಳಿಗೆ ಕೊಡುವ ಮನವಿಯನ್ನು ಅಲ್ಲಿಯೇ ಕುಳಿತು ಕನ್ನಡದಲ್ಲಿ ಬರೆದು ಸಹಿ ಹಾಕಿದರು.